ಹನಿಯ ಲೆಕ್ಕ, ಬಾವಿಯ ಲೆಕ್ಕ: ಕೋಲಾರ ಜಿಲ್ಲೆಯ ನೀರುಳಿತಾಯ ಸಹಾಯಧನಗಳ ಪ್ರಕರಣ ಅಧ್ಯಯನ

ಕೊಳವೆಬಾವಿಯ ನೀರನ್ನೇ ನಂಬಿ ಬೇಸಾಯ ಮಾಡುವ ರೈತರಿಗೆ ಹನಿ ನೀರಾವರಿ ಸಲಕರಣೆಯ ಬೆಲೆಯಲ್ಲಿ ಶೇ 90ರಷ್ಟನ್ನು ಸರ್ಕಾರವೇ ಭರಿಸಿದರೆ ನೆಲದಡಿಯ ನೀರು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಕೋಲಾರ ಜಿಲ್ಲೆಯಷ್ಟು ಸ್ಪಷ್ಟವಾದ ಉತ್ತರ ಕೊಡಬಲ್ಲ ಪ್ರದೇಶ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ದೊಡ್ಡ ಅಣೆಕಟ್ಟೆಯ ನಾಲೆ ಇಲ್ಲ, ಕೆರೆಯ ಅಚ್ಚುಕಟ್ಟುಗಳಲ್ಲಿ ಬಹುಪಾಲು ದಶಕಗಳಿಂದ ನೀರು ಕಂಡದ್ದೇ ಅಪರೂಪ. ಆದ್ದರಿಂದ ನೀರಾವರಿ ಎಂದರೆ ಹೆಚ್ಚುಕಡಿಮೆ ಕೊಳವೆಬಾವಿ ಎಂದೇ ಅರ್ಥ. ಸಹಾಯಧನದಿಂದ ನೀರು ಉಳಿದಿದ್ದರೂ ಉಳಿಯದಿದ್ದರೂ ಅದು ಕಾಣಬೇಕಾದದ್ದು ಅಂತರ್ಜಲದಲ್ಲೇ. ಸಹಾಯಧನ ಎಷ್ಟು ಮಂದಿಗೆ ತಲುಪಿತು ಎಂಬುದನ್ನು ಇಲಾಖೆಗಳ ವಾರ್ಷಿಕ ವರದಿಗಳು ಹೇಳುತ್ತವೆ. ತಲುಪಿದ ಹಣ ಬಂಡೆಯ ಬಿರುಕಿನಲ್ಲಿರುವ ನೀರಿನ ಮೇಲೆ ಏನು ಪರಿಣಾಮ ಬೀರಿತು ಎಂಬುದೇ ಈ ಅಧ್ಯಯನದ ವಿಷಯ.

ನೆಲ ಮತ್ತು ಬಂಡೆ

ಕೋಲಾರದ ವಾರ್ಷಿಕ ಸರಾಸರಿ ಮಳೆ ಸ್ಥೂಲವಾಗಿ 700ರಿಂದ 750 ಮಿಲಿಮೀಟರ್. ಈ ಮಳೆಯಲ್ಲಿ ರಾಗಿ, ಅವರೆ, ನೆಲಗಡಲೆಯಂಥ ಬೆಳೆಗಳು ಬರುತ್ತವೆ. ಶ್ರೀನಿವಾಸಪುರದ ಮಾವಿನ ತೋಪುಗಳೂ ಹೆಚ್ಚಾಗಿ ಮಳೆಯಾಶ್ರಯದಲ್ಲೇ ನಿಂತಿವೆ. ಉಳಿದ ನೀರಿಗಾಗಿ ಹಿಂದಿನವರು ಕಟ್ಟಿಕೊಂಡದ್ದು ಒಂದರ ಕೋಡಿ ಇನ್ನೊಂದನ್ನು ತುಂಬಿಸುವ ಕೆರೆಗಳ ಸರಪಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುನ್ನ ಅವಿಭಜಿತ ಕೋಲಾರದಲ್ಲಿ 4,000ಕ್ಕೂ ಹೆಚ್ಚು ಕೆರೆಗಳಿದ್ದವು. ತೂಬು ತೆಗೆದು ಮುಚ್ಚುವ ನೀರುಗಂಟಿ ಎಷ್ಟು ಅಚ್ಚುಕಟ್ಟಿಗೆ ಈ ಸಲ ನೀರು ಸಾಕಾಗುತ್ತದೆ ಎಂದು ನೋಡಿ ಹೇಳುತ್ತಿದ್ದ, ಊರು ಅದರಂತೆ ಬೆಳೆ ಇಡುತ್ತಿತ್ತು. ಇರುವ ನೀರನ್ನು ಮೊದಲು ಅಳೆದು ಆಮೇಲೆ ಬೆಳೆ ನಿರ್ಧರಿಸುವ ಈ ಕ್ರಮ ಕೊಳವೆಬಾವಿಯೊಂದಿಗೆ ತಲೆಕೆಳಗಾಯಿತು. ಈಗ ಬೆಳೆ ಮೊದಲು ನಿರ್ಧಾರವಾಗುತ್ತದೆ, ಅದಕ್ಕೆ ಬೇಕಾದ ನೀರನ್ನು ಎಷ್ಟು ಆಳದಿಂದಾದರೂ ತರಲಾಗುತ್ತದೆ.

ಜಿಲ್ಲೆಯ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಗಂಗಾ ಬಯಲಿನ ಮರಳು ಪದರಗಳಂತೆ ಇದು ನೀರನ್ನು ಹೀರಿ ಹಿಡಿದುಕೊಳ್ಳುವುದಿಲ್ಲ. ಮೇಲ್ಭಾಗದ ಶಿಥಿಲ ಶಿಲೆಯಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ಗಟ್ಟಿಬಂಡೆಯ ಬಿರುಕುಗಳಲ್ಲಿ ಮಾತ್ರ ನೀರಿರುತ್ತದೆ, ಅದೂ ಬಹಳ ಕಡಿಮೆ. ಕಪಿಲೆ ಹೊಡೆದು ನೀರೆತ್ತುತ್ತಿದ್ದ ತೆರೆದ ಬಾವಿಗಳು ಬಳಸುತ್ತಿದ್ದದ್ದು ಮೇಲಿನ ಶಿಥಿಲ ಪದರದ ನೀರನ್ನು, ಪ್ರತಿ ಮಳೆಗಾಲದಲ್ಲಿ ತುಂಬಿಕೊಳ್ಳುತ್ತಿದ್ದುದೂ ಅದೇ. ಆ ಪದರ ಒಣಗಿದ ಮೇಲೆ ಕೊಳವೆಬಾವಿಗಳು ಬಿರುಕುಗಳನ್ನು ಹುಡುಕುತ್ತ ಇನ್ನೂರು ಮುನ್ನೂರು ಅಡಿಯಿಂದ ಸಾವಿರ ಅಡಿಗೆ, ಅಲ್ಲಿಂದ ಮುಂದಕ್ಕೂ ಇಳಿದವು. ಅಷ್ಟು ಆಳದ ಬಿರುಕಿಗೆ ಮಳೆನೀರು ತಲುಪಲು ಎಷ್ಟೋ ವರ್ಷ ಬೇಕು. ಆಳಕ್ಕಿಳಿದಂತೆ ಫ್ಲೋರೈಡ್‌ನ ತೊಂದರೆಯೂ ಹೆಚ್ಚಿತು.

ಕೇಂದ್ರ ಅಂತರ್ಜಲ ಮಂಡಳಿ ವರ್ಷದ ಮರುಪೂರಣದಲ್ಲಿ, ಅಂದರೆ ನೆಲಕ್ಕೆ ಇಂಗಿ ಸೇರುವ ನೀರಿನಲ್ಲಿ, ಬಳಕೆಗೆ ಸಿಗುವ ಭಾಗಕ್ಕೆ ಹೋಲಿಸಿ ಎತ್ತುವಳಿಯನ್ನು ಅಳೆಯುತ್ತದೆ. ಶೇ 70ರವರೆಗೆ ಸುರಕ್ಷಿತ, 70ರಿಂದ 90 ಅರೆ ಕ್ಲಿಷ್ಟಕರ, 90ರಿಂದ 100 ಕ್ಲಿಷ್ಟಕರ, 100 ದಾಟಿದರೆ ಅತಿಬಳಕೆ. ಕೋಲಾರ ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಬಹುಕಾಲದಿಂದ ಅತಿಬಳಕೆಯ ಪಟ್ಟಿಯಲ್ಲಿವೆ. ಈ ಪಟ್ಟಿಯಿಂದ ಹೊರಬರಬೇಕಾದರೆ ಎರಡೇ ದಾರಿ: ಒಳಕ್ಕೆ ಹೋಗುವ ನೀರು ಹೆಚ್ಚಬೇಕು, ಇಲ್ಲವೇ ಹೊರಕ್ಕೆ ಬರುವ ನೀರು ಇಳಿಯಬೇಕು. ಸಹಾಯಧನಗಳನ್ನು ಪರೀಕ್ಷಿಸುವಾಗ ಕೇಳಬೇಕಾದ ಪ್ರಶ್ನೆಯೂ ಇದೇ.

ಹಣ ಯಾವುದಕ್ಕೆ ಸಿಗುತ್ತದೆ

ಕೋಲಾರದ ರೈತರಿಗೆ ನೀರುಳಿತಾಯದ ಹೆಸರಿನಲ್ಲಿ ಸಿಗುವ ನೆರವುಗಳಲ್ಲಿ ಹನಿ ನೀರಾವರಿಯದ್ದೇ ದೊಡ್ಡದು. 2006ರಲ್ಲಿ ಕೇಂದ್ರ ಪುರಸ್ಕೃತ ಯೋಜನೆಯಾಗಿ ಆರಂಭವಾದ ಸೂಕ್ಷ್ಮ ನೀರಾವರಿ (ಹನಿ ಮತ್ತು ತುಂತುರು) ನೆರವು 2010ರಲ್ಲಿ ರಾಷ್ಟ್ರೀಯ ಅಭಿಯಾನವಾಯಿತು. 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ‘ಪ್ರತಿ ಹನಿಗೆ ಅಧಿಕ ಬೆಳೆ’ ಘಟಕವಾಯಿತು. ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಘಟಕವೆಚ್ಚದ ಶೇ 55, ಇತರರಿಗೆ ಶೇ 45 ಸಹಾಯಧನ. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಎರಡು ಹೆಕ್ಟೇರ್‌ವರೆಗೆ ಶೇ 90ರಷ್ಟು, ಅದರಾಚೆ ಐದು ಹೆಕ್ಟೇರ್‌ವರೆಗೆ ಶೇ 45ರಷ್ಟು ಕೊಡುತ್ತ ಬಂದಿದೆ. ಒಮ್ಮೆ ನೆರವು ಪಡೆದ ಜಮೀನಿಗೆ ಏಳು ವರ್ಷ ಕಳೆಯುವವರೆಗೆ ಮತ್ತೆ ನೆರವಿಲ್ಲ.

ರೈತರ ಕೈಯಿಂದ ಹೋಗುವುದು ಹತ್ತನೆಯ ಒಂದು ಪಾಲಾದ್ದರಿಂದ ಯೋಜನೆ ಚೆನ್ನಾಗಿಯೇ ಹರಡಿತು. ಟೊಮೆಟೊ, ದಪ್ಪ ಮೆಣಸಿನಕಾಯಿ, ಹಿಪ್ಪುನೇರಳೆ, ಹೂವು ಬೆಳೆಯುವ ಹೊಲಗಳಲ್ಲಿ ಹನಿ ಪೈಪು ಕಾಣದಿರುವುದೇ ಈಗ ಅಪರೂಪ. ಇದರ ಶ್ರೇಯ ಸಹಾಯಧನಕ್ಕೆ ಮಾತ್ರ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದೂವರೆ ಇಂಚು ನೀರು ಕೊಡುವ ಬೋರ್‌ನಿಂದ ಕಾಲುವೆಯಲ್ಲಿ ನೀರು ಹಾಯಿಸಿದರೆ ಅದು ಹೊಲದ ಕೊನೆಯ ಪಾತಿಗೆ ಮುಟ್ಟುವ ಮೊದಲೇ ಕರೆಂಟು ಹೋಗುತ್ತದೆ. ಕೆಂಪು ಮಣ್ಣಿನ ಇಳಿಜಾರು ಹೊಲದಲ್ಲಿ ಅಷ್ಟು ಕಡಿಮೆ ನೀರಿನಿಂದ ಬೆಳೆ ತೆಗೆಯುವ ಬೇರೆ ಉಪಾಯವೇ ಇರಲಿಲ್ಲ. ಬರ ರೈತರನ್ನು ಹನಿಯ ಕಡೆಗೆ ಆಗಲೇ ತಳ್ಳಿತ್ತು. ಸರ್ಕಾರದ ಹಣ ಆ ದಾರಿಯನ್ನು ಸುಲಭ ಮಾಡಿತು.

ಅರ್ಜಿಯೊಂದಿಗೆ ಪಹಣಿ, ಬೆಳೆಯ ದೃಢೀಕರಣದ ಜೊತೆಗೆ ನೀರಿನ ಮೂಲವಿದೆ ಎಂಬ ದಾಖಲೆಯನ್ನೂ ಕೊಡಬೇಕು. ನೀರೇ ಇಲ್ಲದವರಿಗೆ ಹನಿ ಪೈಪು ಕೊಟ್ಟು ಪ್ರಯೋಜನವಿಲ್ಲವಾದ್ದರಿಂದ ನಿಯಮ ತರ್ಕಬದ್ಧವಾಗಿಯೇ ಇದೆ. ಆದರೆ ಅದರ ಫಲಿತಾಂಶವನ್ನು ಗಮನಿಸಬೇಕು: ನೀರುಳಿತಾಯದ ಸಹಾಯಧನ ಸಿಗುವುದು ಕೊಳವೆಬಾವಿ ಕೊರೆಸಿದವರಿಗೆ. ಅಂತರ್ಜಲದಿಂದ ಒಂದು ಹನಿಯನ್ನೂ ತೆಗೆಯದೆ ಮಳೆಯಲ್ಲೇ ರಾಗಿ ಬೆಳೆಯುವ ರೈತರ ಪಾಲಿಗೆ ಈ ಯೋಜನೆಯಲ್ಲಿ ಏನೂ ಇಲ್ಲ.

ಒಂದು ಜಮೀನಿನ ಲೆಕ್ಕ

ಇಲ್ಲಿಂದ ಮುಂದೆ ವಾದವನ್ನು ಸಂಖ್ಯೆಯಲ್ಲೇ ನೋಡುವುದು ಒಳ್ಳೆಯದು. ಲೆಕ್ಕಕ್ಕಾಗಿ ನಾಲ್ಕು ಎಕರೆಯ ಒಂದು ಜಮೀನನ್ನು ಕಲ್ಪಿಸಿಕೊಳ್ಳೋಣ. ಅದರ ಕೊಳವೆಬಾವಿಯಲ್ಲಿ 10 ಅಶ್ವಶಕ್ತಿಯ ಸಬ್‌ಮರ್ಸಿಬಲ್ ಪಂಪು ಸುಮಾರು 200 ಮೀಟರ್ ಆಳದಿಂದ ಗಂಟೆಗೆ 6,000 ಲೀಟರ್ ಎತ್ತುತ್ತದೆ. ಮೂರು ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ ಸಿಕ್ಕರೆ ದಿನದ ನೀರು 42,000 ಲೀಟರ್. ಬೇಸಿಗೆಯ ಬೆಳೆಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಂಡರೆ ಒಂದು ಎಕರೆಗೆ ಸುಮಾರು 20,000 ಲೀಟರ್ ಗಿಡದ ಬುಡಕ್ಕೆ ತಲುಪಬೇಕು.

ಹಾಯಿನೀರಿನಲ್ಲಿ ಅರ್ಧದಷ್ಟೇ ಬೇರಿಗೆ ದಕ್ಕುತ್ತದೆಂದರೆ ಎಕರೆಗೆ 40,000 ಲೀಟರ್ ಬಿಡಬೇಕು. ಇಡೀ ಬೋರ್‌ನ ನೀರು ಒಂದೇ ಎಕರೆಗೆ ಸರಿಹೋಗುತ್ತದೆ. ಹನಿ ನೀರಾವರಿಯಲ್ಲಿ ಶೇ 90 ದಕ್ಕುತ್ತದೆಂದರೆ ಎಕರೆಗೆ 22,000 ಲೀಟರ್‌ನ ಆಸುಪಾಸು ಸಾಕು. ಎಕರೆಗೆ 18,000 ಲೀಟರ್ ಉಳಿಯಿತು ಎಂದು ಪ್ರಚಾರಪತ್ರ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಉಳಿದ ಮೂರು ಎಕರೆ ಬೀಳುಬಿದ್ದಿರುವಾಗ ಆ 18,000 ಲೀಟರ್ ಬಾವಿಯಲ್ಲೇ ನಿಲ್ಲುವುದಿಲ್ಲ. ರೈತರು ಎರಡನೆಯ ಎಕರೆಗೆ ಹನಿ ಪೈಪಿನ ಸಾಲು (ಲ್ಯಾಟರಲ್) ಎಳೆಯುತ್ತಾರೆ. ಪಂಪು ಮೊದಲಿನಂತೆಯೇ ಏಳು ಗಂಟೆ ಓಡುತ್ತದೆ, ಮೊದಲಿನಂತೆಯೇ 42,000 ಲೀಟರ್ ಮೇಲೆ ಬರುತ್ತದೆ, ಬೆಳೆ ಮಾತ್ರ ಇಮ್ಮಡಿಯಾಗುತ್ತದೆ.

ಇದನ್ನು ದುರಾಸೆ ಎನ್ನಲು ಬರುವುದಿಲ್ಲ. ಲಕ್ಷಗಟ್ಟಲೆ ಸಾಲ ಮಾಡಿ, ಎರಡು ಮೂರು ಕಡೆ ವಿಫಲವಾಗಿ, ಕೊನೆಗೊಂದು ಕಡೆ ನೀರು ಕಂಡ ಕುಟುಂಬ ಆ ನೀರಿನಿಂದ ಆದಷ್ಟು ಬೆಳೆ ತೆಗೆಯದಿದ್ದರೆ ಸಾಲ ತೀರುವುದು ಹೇಗೆ? ಅದೂ ಅಲ್ಲದೆ ತಾವು ಬಿಟ್ಟ ನೀರನ್ನು ಪಕ್ಕದ ಹೊಲದ ಬೋರ್ ಎತ್ತಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದಲೂ ನೆಲದ ಒಡೆಯರಿಗೆ ತಮ್ಮ ನೆಲದಡಿಯ ನೀರನ್ನು ಎತ್ತುವ ಹಕ್ಕಿದೆಯೆಂಬ ತಿಳಿವಳಿಕೆಯೇ ನಡೆದುಬಂದಿದೆ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಯಲು ಅನುಮತಿ ಕಡ್ಡಾಯ ಮಾಡಿದರೂ, ಇರುವ ಬಾವಿಯಿಂದ ದಿನಕ್ಕೆ ಎಷ್ಟು ಎತ್ತಬಹುದೆಂಬುದು ಹೊಲದ ಮಟ್ಟದಲ್ಲಿ ಇಂದಿಗೂ ವಿದ್ಯುತ್ತಿನ ವೇಳಾಪಟ್ಟಿ ತೀರ್ಮಾನಿಸುವ ಸಂಗತಿ.

ಇಂಥ ಪರಿಣಾಮ ಕೋಲಾರಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ ಹೆಚ್ಚು ದಕ್ಷತೆಯ ನೀರಾವರಿ ಸಲಕರಣೆಗೆ ಸರ್ಕಾರ ಸಹಾಯಧನ ಕೊಟ್ಟ ಮೇಲೆ ಅಂತರ್ಜಲದ ಎತ್ತುವಳಿ ಇಳಿಯುವ ಬದಲು ಏರಿತೆಂದು, ರೈತರು ಹೆಚ್ಚು ನೀರು ಬೇಡುವ ಬೆಳೆಗಳಿಗೆ ಹೊರಳಿದ್ದು ಅದಕ್ಕೊಂದು ಕಾರಣವೆಂದು 2014ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನ ತೋರಿಸಿತು. ಅಲ್ಲಿ ಬಾವಿಗಳಿಗೆ ಮೀಟರುಗಳಿದ್ದುದರಿಂದ ಇದನ್ನು ಲೆಕ್ಕ ಹಾಕಲು ಸಾಧ್ಯವಾಯಿತು.

ಆದರೆ ಈ ವಾದವನ್ನು ಕೋಲಾರಕ್ಕೆ ಹಾಗೆಯೇ ತಂದು ಹಚ್ಚುವವರು ಒಂದು ಮಾತನ್ನು ಮರೆಯುತ್ತಾರೆ. ಹಾಯಿನೀರಿನಲ್ಲಿ ‘ವ್ಯರ್ಥ’ವಾಗುವ ಭಾಗ ನೆಲಕ್ಕಿಳಿದು ಮತ್ತೆ ಅಂತರ್ಜಲವನ್ನೇ ಸೇರುತ್ತದೆ, ಹನಿ ನೀರಾವರಿ ಆ ಮರಳಿಕೆಯನ್ನೂ ಕಸಿದುಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ನೀರಿನ ಮಟ್ಟ ಮೇಲಿರುವ ನದಿಬಯಲುಗಳ ಮೆಕ್ಕಲು ಮಣ್ಣಿನಲ್ಲಿ ಇದು ದೊಡ್ಡ ಸಂಗತಿಯೇ ಹೌದು. 1997ರ ಅಂತರ್ಜಲ ಅಂದಾಜು ಸಮಿತಿಯ ಮಾರ್ಗಸೂಚಿ, ನೀರಿನ ಮಟ್ಟ 10 ಮೀಟರ್ ಒಳಗಿದ್ದರೆ ಬಾವಿನೀರಿನಿಂದ ಬೆಳೆದ ಭತ್ತದ ಗದ್ದೆಯಿಂದ ಶೇ 45, ಇತರ ಬೆಳೆಗಳಿಂದ ಶೇ 25 ಮರಳುತ್ತದೆಂದು ಹಿಡಿಯುತ್ತದೆ. ಮಟ್ಟ 25 ಮೀಟರಿಗಿಂತ ಕೆಳಗಿದ್ದರೆ ಭತ್ತವಲ್ಲದ ಬೆಳೆಗೆ ಅದೇ ಮಾರ್ಗಸೂಚಿ ಕೊಡುವುದು ಶೇ 5 ಮಾತ್ರ. ಕೋಲಾರದಲ್ಲಿ ಹೊಲದ ಮೇಲ್ಮೈಗೂ ನೀರಿರುವ ಬಿರುಕಿಗೂ ನಡುವೆ ನೂರಾರು ಅಡಿ ಒಣ ಶಿಲೆಯಿದೆ. ಹಾಯಿನೀರಿನಿಂದ ಕೆಳಗಿಳಿದ ನೀರು ಬಹುಪಾಲು ಒಣ ಪದರದಲ್ಲೇ ಉಳಿಯುತ್ತದೆ, ಇಲ್ಲವೇ ಹಸಿ ಮಣ್ಣಿನಿಂದ ಆವಿಯಾಗುತ್ತದೆ. ಆದ್ದರಿಂದ ಇಲ್ಲಿ ಹನಿ ನೀರಾವರಿ ಅಂತರ್ಜಲಕ್ಕೆ ಹೆಚ್ಚುವರಿ ಹಾನಿ ಮಾಡಿದೆ ಎನ್ನುವುದು ಉತ್ಪ್ರೇಕ್ಷೆ. ಸರಿಯಾದ ಮಾತೆಂದರೆ, ಅದು ಎತ್ತುವಳಿಯನ್ನು ಇಳಿಸಲಿಲ್ಲ, ಎತ್ತಿದ ನೀರಿನಿಂದ ಹುಟ್ಟುವ ಆದಾಯವನ್ನು ಹೆಚ್ಚಿಸಿತು. ಜೀವನೋಪಾಯದ ಯೋಜನೆಯೆಂದು ನೋಡಿದರೆ ಇದು ಕರ್ನಾಟಕದ ಯಶಸ್ವಿ ಯೋಜನೆಗಳಲ್ಲೊಂದು. ಅಂತರ್ಜಲ ಸಂರಕ್ಷಣೆಯ ಯೋಜನೆಯೆಂದು ನೋಡಿದರೆ ಅದರ ಖಾತೆಯಲ್ಲಿ ಜಮೆಯೂ ಇಲ್ಲ, ಖರ್ಚೂ ಇಲ್ಲ. ಎರಡೂ ಉದ್ದೇಶಗಳನ್ನು ಒಂದೇ ಹೆಸರಿನಲ್ಲಿ ಬರೆದಿರುವುದರಿಂದ ಮೊದಲನೆಯದರ ಗೆಲುವನ್ನು ಎರಡನೆಯದರ ಗೆಲುವೆಂದು ವರದಿ ಮಾಡುವುದು ರೂಢಿಯಾಗಿದೆ.

ಹೊಂಡಗಳ ಕಥೆ

ಎರಡನೆಯ ದೊಡ್ಡ ನೆರವು ಕೃಷಿ ಹೊಂಡ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಮಳೆಯಾಶ್ರಿತ ರೈತರನ್ನೇ ಉದ್ದೇಶಿಸಿದ್ದು, ಆ ಮಟ್ಟಿಗೆ ಹನಿ ನೀರಾವರಿಯ ನೆರವಿಗಿಂತ ನ್ಯಾಯವಾದದ್ದು. ಬದು, ಹೊಂಡ, ಹೊಂಡಕ್ಕೆ ಪಾಲಿಥೀನ್ ಹೊದಿಕೆ, ನೀರೆತ್ತಲು ಡೀಸೆಲ್ ಪಂಪು, ಹನಿ ಅಥವಾ ತುಂತುರು ಘಟಕ ಇವೆಲ್ಲ ಒಂದೇ ಕಟ್ಟಿನಲ್ಲಿ ಬರುತ್ತಿದ್ದವು. ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನವಿತ್ತು. 10 ಮೀಟರ್ ಚೌಕದಿಂದ 21 ಮೀಟರ್ ಚೌಕದವರೆಗೆ, ಮೂರು ಮೀಟರ್ ಆಳದ ಹಲವು ಅಳತೆಗಳಲ್ಲಿ ಹೊಂಡ ತೋಡಿಸಲಾಯಿತು. ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚು ಹೊಂಡಗಳಾದವು. 2023-24ರಲ್ಲಿ ಯೋಜನೆಗೆ ಮತ್ತೆ ಚಾಲನೆ ಸಿಕ್ಕಿತು.

ಉದ್ದೇಶವಿದ್ದದ್ದು ಹೊಲದ ಮೇಲೆ ಹರಿದುಹೋಗುವ ಮಳೆನೀರನ್ನು ಹಿಡಿದು, ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಒಂದೆರಡು ಸಲ ನೀರು ಕೊಡುವುದು. ಆ ಉದ್ದೇಶಕ್ಕೆ ಬಳಕೆಯಾದ ಹೊಂಡಗಳು ಅಂತರ್ಜಲದ ಮೇಲಿನ ಹೊರೆಯನ್ನು ನಿಜವಾಗಿಯೂ ತಗ್ಗಿಸುತ್ತವೆ, ಏಕೆಂದರೆ ಆ ನೀರು ಬೋರ್‌ನಿಂದ ಬಂದದ್ದಲ್ಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಹಾದಿಗಳ ಪಕ್ಕ ಕಾಣುವ ಪ್ಲಾಸ್ಟಿಕ್ ಹೊದಿಸಿದ ಎಷ್ಟೋ ದೊಡ್ಡ ಹೊಂಡಗಳಿಗೆ ಮಳೆನೀರು ಬರುವ ಬಾಯಿಯೇ ಇರುವುದಿಲ್ಲ. ಅಂಚನ್ನು ನೆಲಕ್ಕಿಂತ ಎತ್ತರಕ್ಕೆ ಏರಿಸಿ ಬೋರ್‌ನ ಪೈಪನ್ನು ಒಳಗೆ ಬಿಟ್ಟಿರುತ್ತಾರೆ. ಇದಕ್ಕೂ ಕಾರಣವಿದೆ. ಕರೆಂಟು ರಾತ್ರಿ ಯಾವ ಹೊತ್ತಿಗೋ ಬರುತ್ತದೆ. ನೇರವಾಗಿ ಹನಿ ಪೈಪಿಗೆ ಬಿಡಲು ಬೋರ್‌ನ ನೀರಿನ ಒತ್ತಡ ಸಾಲುವುದಿಲ್ಲ, ಅಥವಾ ಅರ್ಧ ಗಂಟೆ ಓಡಿ ಬೋರ್ ಒಣಗಿ ಮತ್ತೆ ಊರುವವರೆಗೆ ಕಾಯಬೇಕಾಗುತ್ತದೆ. ಬಂದಷ್ಟನ್ನು ಹೊಂಡದಲ್ಲಿ ತುಂಬಿಕೊಂಡರೆ ಬೆಳಿಗ್ಗೆ ಹದವಾದ ಒತ್ತಡದಲ್ಲಿ ಬಿಡಬಹುದು.

ರೈತರ ಅನುಕೂಲಕ್ಕೆ ಇದು ಸರಿ. ಅಂತರ್ಜಲಕ್ಕೆ ಮಾತ್ರ ನಷ್ಟ. 21 ಮೀಟರ್ ಚೌಕದ ಹೊಂಡದ ಮೇಲ್ಮೈ 441 ಚದರ ಮೀಟರ್. ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ನಿತ್ಯ 2,200 ಲೀಟರ್ ಗಾಳಿಗೆ ಹೋಗುತ್ತದೆ. ಇನ್ನೂರು ಮೀಟರ್ ಆಳದಿಂದ ಎತ್ತಿ ತಂದ ನೀರು ಅದು. ಕೆಳಗೆ ಪ್ಲಾಸ್ಟಿಕ್ ಇರುವುದರಿಂದ ಇಂಗುವುದಂತೂ ಇಲ್ಲವೇ ಇಲ್ಲ. ಹೊದಿಕೆಯಿಲ್ಲದ ಇಂಗುಹೊಂಡ ಹೊಲದ ಮಳೆನೀರನ್ನು ಹಿಡಿದಿದ್ದರೆ ಶಿಥಿಲ ಪದರಕ್ಕೆ ಅಷ್ಟಾದರೂ ಸೇರುತ್ತಿತ್ತು. ಆದರೆ ಅದರ ಫಲ ಹೊಂಡ ತೋಡಿಸಿದವರಿಗೇ ಸಿಗುತ್ತದೆಂಬ ಖಾತ್ರಿಯಿಲ್ಲದ್ದರಿಂದ ಅದಕ್ಕೆ ಅರ್ಜಿ ಹಾಕುವವರು ಕಡಿಮೆ.

ಒಂದು ಕೈ ಕೊಟ್ಟದ್ದು, ಇನ್ನೊಂದು ಕೈ

ಸಹಾಯಧನಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕಾಣದ ಒಂದು ಸಂಗತಿ ಒಟ್ಟಿಗೆ ನೋಡಿದಾಗ ಕಾಣುತ್ತದೆ. 2008ರಿಂದ ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಇದಕ್ಕಾಗಿ ರಾಜ್ಯ ಈಗ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೊಡುತ್ತಿದೆ. ಗಂಗಾ ಕಲ್ಯಾಣ ಯೋಜನೆಯಡಿ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಸಣ್ಣ ರೈತರಿಗೆ ಸರ್ಕಾರವೇ ಕೊಳವೆಬಾವಿ ಕೊರೆಸಿ ಪಂಪು ಕೂರಿಸಿಕೊಡುತ್ತದೆ. ಮೊದಲು ಬಾವಿ ಕೊರೆಸಿದವರು ಯಾರು, ಆಮೇಲೆ ಅವಕಾಶ ಸಿಕ್ಕಿದ್ದು ಯಾರಿಗೆ ಎಂಬುದನ್ನು ನೋಡಿದರೆ ಈ ಯೋಜನೆಯ ಸಾಮಾಜಿಕ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅತಿಬಳಕೆಯ ತಾಲ್ಲೂಕಿನಲ್ಲಿ ಹೊಸ ಬಾವಿಗೆ ಒಂದು ಇಲಾಖೆ, ಅದನ್ನು ಓಡಿಸುವ ವಿದ್ಯುತ್ತಿಗೆ ಇನ್ನೊಂದು ಇಲಾಖೆ, ಅದರ ನೀರನ್ನು ಮಿತವಾಗಿ ಬಳಸುವುದಕ್ಕೆ ಮತ್ತೊಂದು ಇಲಾಖೆ ಹಣ ಕೊಡುತ್ತಿರುವಾಗ, ಮೂರನೆಯದರ ಮೊತ್ತ ಮೊದಲೆರಡರ ಮುಂದೆ ಎಷ್ಟು ಸಣ್ಣದು ಎಂಬುದನ್ನು ಮರೆತು ಅದರಿಂದ ಫಲ ನಿರೀಕ್ಷಿಸುವುದು ಸರಿಯಲ್ಲ.

ಪಂಪನ್ನು ಕಡಿಮೆ ಓಡಿಸಿದರೆ ಹಣ ಕೊಡುವ ಪ್ರಯೋಗವೊಂದು ಪಂಜಾಬಿನಲ್ಲಿ ನಡೆದಿದೆ. 2018ರಲ್ಲಿ ಆರಂಭವಾದ ‘ಪಾನಿ ಬಚಾವೋ, ಪೈಸಾ ಕಮಾವೋ’ ಯೋಜನೆಯಲ್ಲಿ ಸೇರಿದ ರೈತರ ಪಂಪಿಗೆ ಮೀಟರ್ ಹಾಕಿ, ನಿಗದಿಪಡಿಸಿದ ಮಿತಿಗಿಂತ ಕಡಿಮೆ ಬಳಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಕೊಡಲಾಯಿತು. ಮಿತಿ ಮೀರಿದವರಿಗೆ ದಂಡವಿರಲಿಲ್ಲ. ಸಲಕರಣೆಗೆ ಕೊಡುವ ಬದಲು ಉಳಿಸಿದ್ದಕ್ಕೆ ಕೊಡುವುದು ಎಂಬ ತತ್ತ್ವ ಸರಿಯಾದದ್ದೇ.

ಕೋಲಾರದ ನಮ್ಮ ಕಲ್ಪಿತ ಜಮೀನಿಗೆ ಅದೇ ದರವನ್ನು ಹಚ್ಚಿ ನೋಡೋಣ. 10 ಅಶ್ವಶಕ್ತಿಯ ಪಂಪು ಏಳು ಗಂಟೆ ಓಡಿದರೆ ಸುಮಾರು 52 ಯೂನಿಟ್. ಅರ್ಧಕ್ಕೆ ಇಳಿಸಿದರೆ ದಿನಕ್ಕೆ 26 ಯೂನಿಟ್ ಉಳಿತಾಯ, ಅಂದರೆ 104 ರೂಪಾಯಿ. ನೂರು ದಿನದ ಬೆಳೆಗೆ ಹತ್ತು ಸಾವಿರ ರೂಪಾಯಿಯ ಹತ್ತಿರ ಬರುತ್ತದೆ. ಇದಕ್ಕೆ ಎದುರಾಗಿ ರೈತರು ಬಿಡಬೇಕಾದದ್ದು ಒಂದು ಎಕರೆ ಟೊಮೆಟೊವನ್ನು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ತಿಂಗಳಲ್ಲಿ ಐದು ಬಾಕ್ಸ್ ಮಾರಿದವರಿಗೆ ನೂರು ದಿನದ ನೀರುಳಿತಾಯದ ಹಣ ಸಿಕ್ಕಿಬಿಡುತ್ತಿತ್ತು. ಬೇರೆ ವರ್ಷಗಳಲ್ಲಿ ಅದೇ ಹಣ್ಣನ್ನು ಕೊಯ್ಯುವ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದಿದೆ, ನಿಜ. ಆದರೆ ಬೆಲೆ ಬೀಳಬಹುದೆಂಬ ಭಯಕ್ಕಿಂತ ಏರಬಹುದೆಂಬ ಆಸೆಯೇ ಹೊಲದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಖಚಿತ ದರಕ್ಕೆ ಸರ್ಕಾರ ಕೊಳ್ಳುವ ಭತ್ತ ಬೆಳೆಯುವ ಪಂಜಾಬಿನಲ್ಲಿ ನಾಲ್ಕು ರೂಪಾಯಿಗೆ ಅರ್ಥವಿರಬಹುದು. ಬೆಲೆಯ ಜೂಜಿನ ಮೇಲೆ ನಿಂತಿರುವ ತರಕಾರಿ ಬೇಸಾಯದಲ್ಲಿ ಆ ದರ ಯಾರನ್ನೂ ಕದಲಿಸುವುದಿಲ್ಲ. ಭತ್ತ ಬಿಟ್ಟವರಿಗೆ ಎಕರೆಗೆ 7,000 ರೂಪಾಯಿ ಎಂಬ ಹರಿಯಾಣದ 2020ರ ಯೋಜನೆಯೂ ಇಲ್ಲಿ ಉಪಯೋಗಕ್ಕೆ ಬಾರದು. ಬೋರ್ ನೀರಿನಲ್ಲಿ ಭತ್ತ ಬೆಳೆಯುವುದನ್ನು ಕೋಲಾರದವರು ಯಾರೂ ಹೇಳದೆಯೇ ಬಹುಮಟ್ಟಿಗೆ ಬಿಟ್ಟಾಗಿದೆ.

ಫಲಿತಾಂಶಕ್ಕೆ ಹಣ, ಪಂಚಾಯಿತಿಗೆ ಲೆಕ್ಕ

2019ರ ಡಿಸೆಂಬರ್‌ನಲ್ಲಿ ಘೋಷಣೆಯಾಗಿ 2020ರ ಏಪ್ರಿಲ್‌ನಿಂದ ಐದು ವರ್ಷಗಳ ಅವಧಿಗೆ ಜಾರಿಗೆ ಬಂದ ಕೇಂದ್ರದ ಅಟಲ್ ಭೂಜಲ ಯೋಜನೆ, ಫಲಿತಾಂಶ ನೋಡದೆ ಸಲಕರಣೆಗೆ ಹಣ ಕೊಡುವ ಈ ದೌರ್ಬಲ್ಯವನ್ನು ಗುರುತಿಸಿಯೇ ರೂಪುಗೊಂಡದ್ದು. 6,000 ಕೋಟಿ ರೂಪಾಯಿಯ ಈ ಯೋಜನೆಗೆ ಅರ್ಧ ಹಣ ವಿಶ್ವಬ್ಯಾಂಕಿನ ಸಾಲ. ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ರಾಜ್ಯದ 14 ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಹಣದ ದೊಡ್ಡ ಭಾಗ ಕೆಲಸ ಮಾಡಿದ್ದಕ್ಕಲ್ಲ, ಫಲಿತಾಂಶ ತೋರಿಸಿದ್ದಕ್ಕೆ ಬಿಡುಗಡೆಯಾಗುವಂತೆ ರೂಪಿಸಲಾಗಿತ್ತು: ಅಂತರ್ಜಲದ ಮಾಹಿತಿಯನ್ನು ಸಾರ್ವಜನಿಕರ ಮುಂದಿಡುವುದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜಲ ಭದ್ರತಾ ಯೋಜನೆ ಮಾಡುವುದು, ಬೇರೆ ಬೇರೆ ಇಲಾಖೆಗಳ ಹಣವನ್ನು ಆ ಯೋಜನೆಯಂತೆ ಜೋಡಿಸುವುದು, ನೀರಿನ ಬೇಡಿಕೆ ತಗ್ಗಿಸುವ ಪದ್ಧತಿಗಳನ್ನು ಹರಡುವುದು, ಕೊನೆಗೆ ಮಟ್ಟದ ಕುಸಿತ ನಿಂತದ್ದನ್ನು ತೋರಿಸುವುದು.

ಆದರೆ ಬೇಡಿಕೆ ತಗ್ಗಿದೆ ಎಂಬುದಕ್ಕೆ ಸುಲಭವಾಗಿ ಸಿಗುವ ಸಾಕ್ಷ್ಯ ಹನಿ ಮತ್ತು ತುಂತುರು ನೀರಾವರಿಗೆ ಒಳಪಟ್ಟ ವಿಸ್ತೀರ್ಣ. ಮೇಲಿನ ಲೆಕ್ಕದಲ್ಲಿ ಕಂಡಂತೆ ಆ ವಿಸ್ತೀರ್ಣ ಹೆಚ್ಚಿದಷ್ಟೂ ಎತ್ತುವಳಿ ಇಳಿದಿದೆ ಎಂದರ್ಥವಲ್ಲ. ಮಟ್ಟದ ಏರಿಳಿತವನ್ನು ನೋಡಿದರೂ ತೊಡಕಿದೆ. 2021 ಮತ್ತು 2022ರ ಭಾರಿ ಮಳೆಗೆ ಜಿಲ್ಲೆಯ ಕೆರೆಗಳು ಬಹುಕಾಲದ ನಂತರ ಕೋಡಿ ಹರಿದವು, ಬತ್ತಿದ್ದ ಬೋರ್‌ಗಳಲ್ಲಿ ನೀರು ಕಾಣಿಸಿತು. 2018ರ ಜೂನ್‌ನಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು ಬೆಂಗಳೂರಿನಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಆ ಯೋಜನೆಯ ಗುರಿ. ಎರಡನೆಯ ಹಂತದ ಸಂಸ್ಕರಣೆಯಷ್ಟೇ ಆಗಿರುವ ನೀರಿನ ಗುಣಮಟ್ಟದ ಬಗ್ಗೆ ಜಿಲ್ಲೆಯಲ್ಲಿ ಎದ್ದಿರುವ ಪ್ರಶ್ನೆಗಳು ಬೇರೆಯೇ ಅಧ್ಯಯನಕ್ಕೆ ಸೇರಿದವು. ಇಲ್ಲಿ ಹೇಳಬೇಕಾದದ್ದಿಷ್ಟೆ: ಇಷ್ಟು ಮಳೆ, ಇಷ್ಟು ಹೊರಗಿನ ನೀರು ಸೇರಿದ ವರ್ಷಗಳಲ್ಲಿ ಬಾವಿಯ ಮಟ್ಟ ಏರಿದರೆ ಅದನ್ನು ಸಹಾಯಧನದ ಫಲವೆನ್ನಲು ಆಧಾರವಿಲ್ಲ.

ಇದಕ್ಕಿಂತ ಹೆಚ್ಚು ಕಲಿಸಬಲ್ಲದ್ದು ಗಡಿಯಾಚೆ ನಡೆದ ಒಂದು ಕೆಲಸ. ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ಕೋಲಾರಕ್ಕೆ ಹೊಂದಿಕೊಂಡ ಚಿತ್ತೂರು ಅವುಗಳಲ್ಲೊಂದು, 2003ರಿಂದ ರೈತರೇ ನಡೆಸುವ ಅಂತರ್ಜಲ ನಿರ್ವಹಣೆಯ ಕಾರ್ಯಕ್ರಮ ನಡೆಯಿತು. 638 ಜನವಸತಿಗಳ ರೈತರು ತಾವೇ ಮಳೆ ಅಳೆದರು, ಬಾವಿಯ ಮಟ್ಟ ಅಳೆದರು, ಹಿಂಗಾರಿಗೆ ಮೊದಲು ಎಲ್ಲರೂ ಕೂತು ಎಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದರು. ಬೆಳೆ ಬದಲಿಸಿದವರಿಗೆ ಹಣವಿರಲಿಲ್ಲ, ಬದಲಿಸದವರಿಗೆ ಶಿಕ್ಷೆಯೂ ಇರಲಿಲ್ಲ. ಆದರೂ ಹಲವು ಕಡೆ ಭತ್ತ ಕಡಿಮೆಯಾಯಿತು, ಎತ್ತುವಳಿ ಇಳಿಯಿತು ಎಂದು ವಿಶ್ವಬ್ಯಾಂಕಿನ 2010ರ ವರದಿ ದಾಖಲಿಸಿದೆ. ಈ ಯಶಸ್ಸನ್ನು ದೊಡ್ಡದು ಮಾಡಿ ಹೇಳಬೇಕಾಗಿಲ್ಲ. ಭತ್ತದಂಥ ನೀರುಬಾಕ ಬೆಳೆಯಿದ್ದಲ್ಲಿ ಬದಲಾವಣೆಗೆ ಜಾಗವಿರುತ್ತದೆ, ಕೋಲಾರದಲ್ಲಿ ಅಷ್ಟು ಜಾಗವಿಲ್ಲ. ಆದರೆ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನೇ, ಇರುವ ನೀರನ್ನು ಮೊದಲು ಅಳೆಯುವುದನ್ನು, ಬೋರ್‌ಗಳ ಕಾಲದಲ್ಲೂ ಮಾಡಬಹುದೆಂಬುದಕ್ಕೆ ಇದೇ ಸಾಕ್ಷಿ.

ಸಹಾಯಧನದ ನಿಯಮದಲ್ಲಿ ಏನು ಬದಲಾಗಬಹುದು

ಹನಿ ನೀರಾವರಿಯ ನೆರವನ್ನು ನಿಲ್ಲಿಸಬೇಕೆಂದು ಈ ಅಧ್ಯಯನ ಹೇಳುವುದಿಲ್ಲ. ನಿಲ್ಲಿಸಿದರೆ ಎತ್ತುವಳಿ ಇಳಿಯುವುದಿಲ್ಲ, ಸಣ್ಣ ರೈತರ ಆದಾಯ ಮಾತ್ರ ಇಳಿಯುತ್ತದೆ. ಉಚಿತ ವಿದ್ಯುತ್ತನ್ನು ತೆಗೆಯುವ ಮಾತೂ ಸದ್ಯಕ್ಕೆ ಯಾವ ಸರ್ಕಾರದಿಂದಲೂ ಆಗುವಂಥದ್ದಲ್ಲ. ಆಳದ ಬೋರ್ ಇರುವ ಬಡ ರೈತರ ಮೇಲೆಯೇ ಅದರ ಭಾರ ಹೆಚ್ಚು ಬೀಳುವುದರಿಂದ ಅದು ನ್ಯಾಯವೂ ಅಲ್ಲ. ಬದಲಾಗಬಹುದಾದದ್ದು ಶೇ 90ರ ಒಳಗಿನ ವಿಂಗಡಣೆ. ಸಲಕರಣೆಗೆ ಈಗಿನಂತೆ ಬಹುಭಾಗ ಕೊಟ್ಟು, ಒಂದು ಪಾಲನ್ನು ಮೂರು ನಾಲ್ಕು ವರ್ಷಗಳಲ್ಲಿ ಕಂತಾಗಿ, ಅದೇ ಕಂದಾಯ ಗ್ರಾಮದ ಬೋರ್‌ಗಳ ಗುಂಪು ಒಟ್ಟಾರೆ ಪಂಪಿನ ಗಂಟೆಗಳನ್ನು ಮಿತಿಯೊಳಗೆ ಇಟ್ಟರೆ ಮಾತ್ರ ಕೊಡಬಹುದು. ಒಬ್ಬರಿಗೆ ಕೊಟ್ಟರೆ ಉಳಿದ ನೀರು ಪಕ್ಕದ ಬೋರ್ ಪಾಲಾಗುತ್ತದೆ. ಗುಂಪಿಗೆ ಕೊಟ್ಟರೆ ಪಕ್ಕದವರೂ ಲೆಕ್ಕದ ಒಳಗಿರುತ್ತಾರೆ. ಹೊಂಡದ ನೆರವಿಗೆ ಮಳೆನೀರಿನ ಒಳಹರಿವಿನ ಕಾಲುವೆ ಮತ್ತು ಹೂಳು ತಡೆಯುವ ಗುಂಡಿ ಇದೆಯೇ ಎಂಬುದನ್ನು ಮೊದಲ ಮಳೆಗಾಲದ ನಂತರ ನೋಡಿ ಕೊನೆಯ ಕಂತು ಬಿಡುಗಡೆ ಮಾಡಬಹುದು. ಬೋರ್ ಇಲ್ಲದವರ ಹೊಲದಲ್ಲಿ, ಹೊದಿಕೆಯಿಲ್ಲದ ಇಂಗುಹೊಂಡಕ್ಕೆ ಪೂರ್ತಿ ವೆಚ್ಚದ ಜೊತೆಗೆ ಅದು ಆಕ್ರಮಿಸುವ ನೆಲಕ್ಕೆ ಬಾಡಿಗೆಯನ್ನೂ ಕೊಡುವುದು ಇನ್ನೂ ಸೂಕ್ತ, ಏಕೆಂದರೆ ಅದರ ಫಲ ಉಣ್ಣುವವರು ಸುತ್ತಲಿನ ಬೋರ್‌ನವರು.

ಇವೆಲ್ಲಕ್ಕೂ ಅಡ್ಡಿಯಾಗಿರುವುದು ಅಳತೆ. ಈಗ ಹನಿ ಘಟಕ ಅಳವಡಿಸಿದ ಮೇಲೆ ಇಲಾಖೆಯವರು ಬಂದು ಪೈಪು, ಫಿಲ್ಟರ್, ಹನಿ ಸಾಲುಗಳನ್ನು ಪರಿಶೀಲಿಸಿ ಸ್ಥಳದ ಗುರುತಿರುವ ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಾರೆ. ಪಂಪು ದಿನಕ್ಕೆ ಎಷ್ಟು ಹೊತ್ತು ಓಡುತ್ತಿತ್ತು, ಮೊದಲು ಎಷ್ಟು ಎಕರೆಗೆ ನೀರು ಹಾಯುತ್ತಿತ್ತು ಎಂಬುದು ದಾಖಲಾಗುವುದಿಲ್ಲ. ಪಂಪ್‌ಸೆಟ್‌ಗಳಿಗೆ ವಿದ್ಯುತ್ ಮೀಟರ್ ಹಾಕುವ ಮಾತೆತ್ತಿದರೆ ನಾಳೆ ಬಿಲ್ಲು ಬರುತ್ತದೆಂಬ ಅನುಮಾನದಿಂದ ರೈತರು ವಿರೋಧಿಸುತ್ತಾರೆ, ಆ ಅನುಮಾನಕ್ಕೆ ಕಾರಣವಿಲ್ಲವೆನ್ನಲಾಗದು. ಆದರೆ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಗಂಟೆ ಎಣಿಸುವ ಸಣ್ಣ ಮೀಟರ್ ಕೂರಿಸಲು ವಿದ್ಯುತ್ ಕಂಪನಿಯ ಅಗತ್ಯವಿಲ್ಲ, ಅದರಿಂದ ಬಿಲ್ಲು ಹುಟ್ಟುವುದೂ ಇಲ್ಲ. ಹನಿ ಘಟಕದ ಸಲಕರಣೆಗಳ ಪಟ್ಟಿಯಲ್ಲಿ ಫಿಲ್ಟರ್, ನೀರಿಗೆ ಗೊಬ್ಬರ ಬೆರೆಸುವ ವೆಂಚುರಿಯ ಜೊತೆಗೆ ಅದನ್ನೂ ಸೇರಿಸಿ, ಅಳವಡಿಕೆಗೆ ಒಂದು ಬೆಳೆಯ ಮೊದಲೇ ಕೂರಿಸಿ, ಆ ಬೆಳೆಯ ಗಂಟೆಗಳನ್ನೂ ವಿಸ್ತೀರ್ಣವನ್ನೂ ಪಂಚಾಯಿತಿಯ ಜಲ ಭದ್ರತಾ ಯೋಜನೆಯ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಅದೇ ಹಂಗಾಮಿನ ಅಂಕಿಯೊಂದಿಗೆ ಹೋಲಿಸಲು ಒಂದು ಆಧಾರ ಸಿಗುತ್ತದೆ. ಜಿಲ್ಲೆಯ ಎರಡು ಮೂರು ಪಂಚಾಯಿತಿಗಳಲ್ಲಿ, ಕೆ.ಸಿ. ವ್ಯಾಲಿಯ ನೀರು ಬಾರದ ಕೆರೆಗಳ ಸುತ್ತ ಇದನ್ನು ಮಾಡಿದರೆ ಮೊದಲ ಪರೀಕ್ಷೆಗೆ ಸಾಕು.